ಮಯೂರಶರ್ಮನ ಪುಟಕ್ಕೆ ಬೀಗ ಹಾಕಿಸಬೇಕಾ? ಅನುಭವ ಇದ್ದವರು ಹೇಳಿ

ಬನವಾಸಿ ಕಡೆಯವನು: ಕನ್ನಡ ವಿಕಿಪೀಡಿಯದಲ್ಲಿ ಆರು ವರ್ಷದಿಂದ ಬರೆಯುತ್ತಿದ್ದೇನೆ. ಕದಂಬರ ಪುಟಗಳನ್ನು ನೋಡಿಕೊಳ್ಳುವುದು ನಾನೇ ಮೈಮೇಲೆ ಹಾಕಿಕೊಂಡ ಕೆಲಸ. ಮೂರು ತಿಂಗಳಿಂದ ಯಾರೋ ಲಾಗಿನ್ ಆಗದೆ ಬರುತ್ತಾರೆ, ಮಯೂರಶರ್ಮನ ಕುಲದ ಬಗ್ಗೆ ಇರುವ ಸಾಲನ್ನು ಕಿತ್ತು ಹಾಕಿ ಹೋಗುತ್ತಾರೆ. ನಾನು ವಾಪಸ್ ಹಾಕುತ್ತೇನೆ, ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಅರೆ ಸಂರಕ್ಷಣೆ, ಅಂದರೆ ಲಾಗಿನ್ ಆಗದವರು, ತೀರಾ ಹೊಸಬರು ತಿದ್ದದ ಹಾಗೆ ಪುಟಕ್ಕೆ ಬೀಗ, ಕೇಳೋಣವಾ ಅಂತ ಯೋಚನೆ. ಕೇಳಿದರೆ ಎಷ್ಟು ದಿನಕ್ಕೆ ಕೇಳಬೇಕು? ನನ್ನ ಪುಟ ಅಂತ ಜಗಳ ಮಾಡಿದ ಹಾಗೆ ಕಾಣುತ್ತಾ?

ಹಳೇ ಸಂಪಾದಕ: ಇವತ್ತೇ ಕೇಳಿ. ನಾನು ತಡ ಮಾಡಿ ಕೆಟ್ಟವನು. 2016ರ ಸೆಪ್ಟೆಂಬರ್, ಕಾವೇರಿ ಗಲಾಟೆ ಜೋರಾಗಿದ್ದ ದಿನಗಳು. ಇಂಗ್ಲಿಷ್ ವಿಕಿಪೀಡಿಯದಲ್ಲಿ ನೀರು ಹಂಚಿಕೆಗೆ ಸಂಬಂಧಿಸಿದ ಒಂದು ಪುಟದಲ್ಲಿ ಎರಡೂ ಕಡೆಯವರು ಬಂದು ಅಂಕಿಗಳನ್ನು ತಮಗೆ ಬೇಕಾದ ಹಾಗೆ ಮಾಡುತ್ತಿದ್ದರು. ಒಂಬತ್ತು ರಾತ್ರಿ ಎರಡು ಗಂಟೆವರೆಗೆ ಎದ್ದು ಕೂತು ರದ್ದು ಮಾಡಿದೆ. ಆಮೇಲೆ ಪುಟದ ಇತಿಹಾಸ ತೆಗೆದು ಎಣಿಸಿದರೆ 41 ಸಲ. ಹತ್ತನೇ ದಿನ ನನ್ನ ಖಾತೆಯನ್ನೇ 24 ಗಂಟೆ ತಡೆದರು. 24 ಗಂಟೆಯಲ್ಲಿ ಮೂರಕ್ಕಿಂತ ಜಾಸ್ತಿ ಸಲ ಹೀಗೆ ರದ್ದು ಮಾಡಬಾರದು ಅನ್ನುವ ನಿಯಮ ನನಗೆ ಗೊತ್ತಿತ್ತು. ಕಿಡಿಗೇಡಿತನ ತೆಗೆದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಅಂತಾನೂ ಗೊತ್ತಿತ್ತು. ಆದರೆ ಇದು ಕಿಡಿಗೇಡಿತನ ಅಲ್ಲ, ಭಿನ್ನಾಭಿಪ್ರಾಯ ಅಂತ, ಬೀಗ ಹಾಕುವ, ಖಾತೆ ತಡೆಯುವ ಅಧಿಕಾರ ಇರುವ ನಿರ್ವಾಹಕರೊಬ್ಬರು ತೀರ್ಮಾನ ಮಾಡಿದರು. ಮಾರನೇ ದಿನ ಬೇರೆ ಯಾರೋ ಒಂದೇ ಸಾಲಿನಲ್ಲಿ ಸಂರಕ್ಷಣೆ ಕೇಳಿದರು. ಇಪ್ಪತ್ತು ನಿಮಿಷಕ್ಕೆ ಬೀಗ ಬಿತ್ತು. ನನ್ನ ಹೆಸರಿನ ಮುಂದೆ ಆ ತಡೆಯ ದಾಖಲೆ ಇವತ್ತಿಗೂ ಇದೆ, ಅಳಿಸೋಕೆ ಆಗಲ್ಲ. ಒಂದು ಸಾಲು ಬರೆದು ಕೇಳಿದ್ದರೆ ಮುಗಿಯುತ್ತಿತ್ತು.

ಕರಾವಳಿ ಓದುಗಿ: ಬೀಗದ ಆಚೆ ನಿಂತವರ ಕಥೆಯನ್ನೂ ಕೇಳಿ. ನಮ್ಮ ಕಡೆಯ ಒಂದು ಸಮುದಾಯದ ಇಂಗ್ಲಿಷ್ ಪುಟದಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆಯ ವರ್ಷ 1994 ಅಂತ ಇತ್ತು. ಅದು 1949. ಎರಡು ಅಂಕಿ ಅದಲು ಬದಲು, ಅಷ್ಟೇ. ತಿದ್ದೋಣ ಅಂತ ಹೋದರೆ ಬೀಗ. ಖಾತೆ ಮಾಡಿಕೊಂಡೆ. ನಾಲ್ಕು ದಿನ, ಹತ್ತು ತಿದ್ದುಪಡಿ ಆಗಬೇಕು ಅಂದರು. ಯಾವುದೋ ಊರಿನ ಪುಟಗಳಲ್ಲಿ ಅಲ್ಪವಿರಾಮ ಹಾಕುತ್ತಾ ಹತ್ತು ಮಾಡಿದೆ. ಐದನೇ ದಿನ ಹೋದರೂ ಬಿಡಲಿಲ್ಲ. ನೋಡಿದರೆ ಅದು ಅರೆ ಸಂರಕ್ಷಣೆ ಅಲ್ಲ, ಅದಕ್ಕಿಂತ ಮೇಲಿನದು. 30 ದಿನ, 500 ತಿದ್ದುಪಡಿ! ಎರಡು ಅಂಕಿಗೆ ಐನೂರು ತಿದ್ದುಪಡಿ.

ಚರ್ಚೆ ಪುಟದಲ್ಲಿ ವಿನಂತಿ ಹಾಕಿದೆ. ಆಧಾರ ಕೊಡಿ ಅಂದರು. ಜಿಲ್ಲಾ ಗ್ರಂಥಾಲಯಕ್ಕೆ ಎರಡು ಸಲ ಓಡಾಡಿದೆ. ಮೊದಲ ದಿನ ಪುಸ್ತಕ ಸಿಗಲಿಲ್ಲ, ಎರಡನೇ ದಿನ ಜೆರಾಕ್ಸ್ ಯಂತ್ರ ಕೆಟ್ಟಿತ್ತು, ಕೈಯಲ್ಲೇ ಬರೆದುಕೊಂಡು ಬಂದೆ. ವಿನಂತಿ ಹಾಕಿದ 23ನೇ ದಿನ ಸರಿಯಾಯಿತು. ಅಷ್ಟು ದಿನ ಓದಿದವರೆಲ್ಲ 1994 ಅಂತಲೇ ಓದಿದರು. ಬೀಗ ಹಾಕಿದವರು ಒಮ್ಮೆಯೂ ಬಂದು ನೋಡಲಿಲ್ಲ. ಇಂಥದ್ದಕ್ಕೆ ಸಲಹೆ ಕೊಡುವ ಮೊದಲು ಯೋಚನೆ ಮಾಡಿ ಹಳೇ ಸಂಪಾದಕರೇ.

ಹಳೇ ಸಂಪಾದಕ: ಯೋಚನೆ ಮಾಡಿಯೇ ಹೇಳಿದ್ದು ಮೇಡಂ. ಜಾತಿ ಪುಟಗಳಿಗೆ ಆ ಎತ್ತರದ ಗೋಡೆ ಸುಮ್ನೆ ಬಂದಿಲ್ಲ. ಬೀಗ ಇಲ್ಲದಿದ್ದರೆ ನಿಮ್ಮ 1949 ಮಾರನೇ ದಿನ ಇನ್ನೇನೋ ಆಗಿರುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ನಲ್ಲಿ ಅರ್ಶದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟರು. ಯಾರೋ ಲಾಗಿನ್ ಆಗದವರು ಅವರ ಪುಟದಲ್ಲಿ ಭಾರತ ಅನ್ನುವ ಕಡೆ ಖಲಿಸ್ತಾನ ಅಂತ ತುಂಬಿದರು. ಹದಿನೈದು ನಿಮಿಷದೊಳಗೆ ಸರಿ ಮಾಡಿ ಪುಟಕ್ಕೆ ಬೀಗ ಹಾಕಿದರು. ಆದರೂ ಕೇಂದ್ರ ಸರ್ಕಾರ ವಿಕಿಪೀಡಿಯದವರನ್ನು ಕರೆಸಿ ಕೇಳಿತು. ಇಂಗ್ಲಿಷ್‌ನಲ್ಲಿ ಕಾಯೋಕೆ ಅಷ್ಟು ಜನ ಇದ್ದಾರೆ, ಹದಿನೈದು ನಿಮಿಷ ಸಾಕು. ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿದ್ದಾರೆ ಹೇಳಿ?

ಕರಾವಳಿ ಓದುಗಿ: ಅದನ್ನೇ ನಾನೂ ಹೇಳುತ್ತಿರುವುದು! ಜನ ಇಲ್ಲದ ಕಡೆ ಬೀಗ ಹಾಕಿದರೆ ಆಮೇಲೆ ತೆಗೆಯುವವರೂ ಇರುವುದಿಲ್ಲ. ಕ್ರೊಯೇಷಿಯನ್ ವಿಕಿಪೀಡಿಯದ ಕಥೆ ಗೊತ್ತಲ್ವಾ? ಕೆಲವೇ ನಿರ್ವಾಹಕರು ವರ್ಷಗಟ್ಟಲೆ ಇಡೀ ವಿಕಿಯನ್ನು ಹಿಡಿದುಕೊಂಡು ತಮಗೆ ಬೇಕಾದ ಇತಿಹಾಸ ಬರೆದರು, ಒಪ್ಪದವರನ್ನು ತಡೆದರು. 2021ರಲ್ಲಿ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನವೇ ಅದರ ಬಗ್ಗೆ ವರದಿ ಹೊರತಂದಿತು.

ಹಳೇ ಸಂಪಾದಕ: ಒಂದು ಪುಟಕ್ಕೆ ಒಂದು ತಿಂಗಳ ಬೀಗ ಕೇಳಿದರೆ ಕ್ರೊಯೇಷಿಯಾವರೆಗೆ ಹೋಗುತ್ತೀರಲ್ಲ!

ತುಂಗೆಯ ದಂಡೆ: ನೀವಿಬ್ಬರೂ ಮಯೂರಶರ್ಮನನ್ನೇ ಮರೆತಿರಿ. ನಾನು ಅವನ ಕಥೆ ಕೆತ್ತಿದ ಶಾಸನದ ಕಂಬ ಇರುವ ತಾಳಗುಂದಕ್ಕೆ ಹೋಗಿ ಬಂದವನು. ಶಿವಮೊಗ್ಗದಿಂದ ಬಸ್ಸು, ಶಿರಾಳಕೊಪ್ಪದಲ್ಲಿ ಇಳಿದು ಆಟೋ. ಹೋಗಿ ಬರೋಕೆ 400 ರೂಪಾಯಿ ಕೇಳಿದ, ಕಾಯುವುದಕ್ಕೆ ಬೇರೆ 100. ಮಧ್ಯಾಹ್ನದ ಬಿಸಿಲು ಕಂಬದ ಮೇಲೆ ನೇರ ಬಿದ್ದಿತ್ತು, ತೆಗೆದ ಫೋಟೋಗಳಲ್ಲಿ ಒಂದಕ್ಷರವೂ ಕಾಣಲಿಲ್ಲ. ನಾಲ್ಕು ಗಂಟೆವರೆಗೆ ಪ್ರಣವೇಶ್ವರ ಗುಡಿಯ ನೆರಳಲ್ಲಿ ಕೂತೆ. ಬೆಳಕು ಓರೆಯಾದ ಮೇಲೆ ಅಕ್ಷರಗಳು ಒಂದೊಂದೇ ಎದ್ದು ನಿಂತವು. ಆಗ ತೆಗೆದ ಫೋಟೋವನ್ನೇ ವಿಕಿಪೀಡಿಯದ ಚಿತ್ರಗಳನ್ನು ಇಡುವ ಕಾಮನ್ಸ್‌ಗೆ ಹಾಕಿದ್ದು.

ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಓದೋಕೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿದ್ದು ಎಲ್ಲ ಆ ಕಂಬದ ಮೇಲೇ ಇದೆ. ಪದ್ಯ ಕುಬ್ಜ ಅನ್ನುವ ಕವಿಯದು. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟದಲ್ಲಿ ಇದರ ಸಂಖ್ಯೆ ಶಿಕಾರಿಪುರ 176. ಬೇರೆ ಒಂದು ಕದಂಬ ಪುಟದಲ್ಲಿ ಇಂಥದ್ದೇ ಆದಾಗ ಇಷ್ಟನ್ನು ಅದರ ಚರ್ಚೆ ಪುಟದಲ್ಲಿ ಹಾಕಿ, ಸಾಲಿನ ಪಕ್ಕ ಉಲ್ಲೇಖ ಕೊಟ್ಟೆ. ಸಾಲು ಕೀಳುವ ಅದೇ ವ್ಯಕ್ತಿ ಅಲ್ಲಿಗೆ ಎರಡು ಸಲ ಬಂದ, ಮೂರನೇ ಸಲ ಬರಲಿಲ್ಲ. ಬೀಗ ಬೇಕಾಗಲಿಲ್ಲ.

ಹಳೇ ಸಂಪಾದಕ: ನಿಮಗೆ ಬಂದವನು ಓದುವವನು. ಎಲ್ಲರಿಗೂ ಅಂಥವರೇ ಸಿಗಲ್ಲ.

ಬೆಂಗಳೂರು ದಕ್ಷಿಣ: ಒಂದು ಸಾಲು ಕಿತ್ತವನ ಬಗ್ಗೆ ಇಷ್ಟು ಮಾತಾಡುತ್ತೀರಿ. ನಿಜವಾದ ತಲೆನೋವು ಹೊಸ ಪುಟ ಸೃಷ್ಟಿ. ಇಂಗ್ಲಿಷ್‌ನಲ್ಲಿ 2018ರಿಂದ ಹೊಸ ಖಾತೆಯವರು ನೇರವಾಗಿ ಲೇಖನ ಶುರು ಮಾಡೋಕೆ ಆಗಲ್ಲ, ಕರಡು ಕಳಿಸಬೇಕು. ನಮ್ಮಲ್ಲೂ ಅದೇ ತನ್ನಿ ಅಂತ ಎಷ್ಟೋ ಸಲ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಜಾಗ ಅರಳಿ ಕಟ್ಟೆಯಲ್ಲಿ ಬರೆದೆ. ಒಂದು ಕಾಲೇಜಿನಿಂದ ಒಂದೇ ಮಧ್ಯಾಹ್ನ ಅರುವತ್ತು ವಿದ್ಯಾರ್ಥಿಗಳು ಅರುವತ್ತು ಲೇಖನ ಹಾಕಿದರು. ಅಂಕಕ್ಕಾಗಿ. ಯಂತ್ರದಲ್ಲಿ ಅನುವಾದ ಮಾಡಿದ್ದು, ಓದಿದರೆ ತಲೆ ಬುಡ ಗೊತ್ತಾಗಲ್ಲ. ಒಂದು ಲೇಖನದಲ್ಲಿ ನದಿಯ ದಡ ಅನ್ನುವ ಕಡೆಯೆಲ್ಲ 'ಬ್ಯಾಂಕ್' ಅಂತ ಇತ್ತು. ಹನ್ನೊಂದು ಭಾನುವಾರ ಕೂತು 38 ಸರಿ ಮಾಡಿದೆ. ಉಳಿದ 22 ಅಳಿಸೋಕೆ ಹಾಕಿದೆ. ಮಗಳ ಹುಟ್ಟುಹಬ್ಬದ ದಿನವೂ ಅದೇ ಕೆಲಸ. ಆ ಮಕ್ಕಳಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

ಹೊಸಬಳು: ನಾನು ಬಂದಿದ್ದೇನೆ ಸರ್. ಆ ಅರುವತ್ತರಲ್ಲಿ ನಾನೂ ಒಬ್ಬಳು ಇರಬೇಕು. ನೀವು 'ಬ್ಯಾಂಕ್' ಅಂದದ್ದು ನನ್ನ ಲೇಖನವೇ. ಎರಡೇ ದಿನದಲ್ಲಿ ಅಳಿಸುವಿಕೆ ಫಲಕ ಹಾಕಿದ್ದಿರಿ, ಕಾರಣದ ಜಾಗದಲ್ಲಿ 'ಕಸ' ಅಂತ ಒಂದೇ ಪದ. ಹಾಸ್ಟೆಲ್‌ನಲ್ಲಿ ಅವತ್ತು ತುಂಬಾ ಅತ್ತೆ. ಆಮೇಲೆ ಕರಡು ಬರೆದು ಕಲಿಯುವ ಪ್ರಯೋಗಪುಟದಲ್ಲಿ ಅದನ್ನೇ ಮೊದಲಿಂದ ಬರೆದೆ, ಏಳು ವಾರ ಹಿಡಿಯಿತು. ಈಗ ಅದು ನಮ್ಮ ತಾಲ್ಲೂಕಿನ ಕೆರೆಗಳ ಪುಟ. ಅವತ್ತು ಹೊಸಬರಿಗೆ ಪುಟ ಶುರು ಮಾಡೋಕೇ ಬಿಡದಿದ್ದರೆ ನಾನು ಆ ಕಡೆ ತಲೆಯೇ ಹಾಕುತ್ತಿರಲಿಲ್ಲ.

ಬೆಂಗಳೂರು ದಕ್ಷಿಣ: 'ಕಸ' ಅಂತ ಬರೆದದ್ದು ತಪ್ಪು. ಒಪ್ಪುತ್ತೇನೆ. ಆದರೆ ಬಂದವಳು ಒಬ್ಬಳು, ಉಳಿದ 59ರ ಕೆಲಸ ನನ್ನ ತಲೆಗೆ ಬಂತು. ಪೋರ್ಚುಗೀಸ್ ವಿಕಿಪೀಡಿಯದವರು 2020ರಲ್ಲಿ ಲಾಗಿನ್ ಆಗದವರ ತಿದ್ದುಪಡಿಯನ್ನೇ ನಿಲ್ಲಿಸಿದರು. ಅವರು ನಮಗಿಂತ ಎಷ್ಟೋ ದೊಡ್ಡ ಸಮುದಾಯ. ಅವರಿಗೇ ಆಗಲ್ಲ ಅನ್ನಿಸಿದ ಮೇಲೆ ನಾವು ಬೆರಳೆಣಿಕೆ ಜನ ಏನು ಮಾಡೋಣ?

ಹೊಸಬಳು: ಬೆರಳೆಣಿಕೆ ಜನ ಅಂತಲೇ ಇನ್ನೊಂದು ಬೆರಳು ಸೇರಿಸಿಕೊಳ್ಳಿ ಅನ್ನುವುದು. ಆ 22ರಲ್ಲಿ ಎಂಟರ ಹೆಸರು ನನಗೆ ನೆನಪಿದೆ, ಗೆಳತಿಯರದ್ದು. ಅಳಿಸಿದ ಪಠ್ಯ ಪ್ರಯೋಗಪುಟಕ್ಕೆ ವಾಪಸ್ ಕೊಡಿಸಿ, ನಾನು ಬರೆದುಕೊಡುತ್ತೇನೆ.

ಕರಾವಳಿ ಓದುಗಿ: ಕೊಡಿಸಿ ಸರ್. ನಾನೂ ಎರಡು ತಗೊಳ್ಳುತ್ತೇನೆ.

ಹಳೇ ಸಂಪಾದಕ: ಪ್ರಶ್ನೆ ಕೇಳಿದವರು ಎಲ್ಲಿ ಹೋದರು? ಅವರ ಪುಟವನ್ನು ಈಗ ನೋಡಿದೆ. ಆ ಸಾಲು ಮತ್ತೆ ಇಲ್ಲ.

ಬನವಾಸಿ ಕಡೆಯವನು: ನೋಡಿದೆ. ಸಂಜೆ 7.40ಕ್ಕೆ ಕಿತ್ತಿದ್ದಾರೆ. ಈ ಸಲ ನಾನು ವಾಪಸ್ ಹಾಕಲಿಲ್ಲ. ಶಿಕಾರಿಪುರ 176ರ ಉಲ್ಲೇಖವನ್ನು ಚರ್ಚೆ ಪುಟದಲ್ಲಿ ಬರೆದೆ, ಅರಳಿ ಕಟ್ಟೆಯಲ್ಲಿ ಎರಡು ವಾರದ ಅರೆ ಸಂರಕ್ಷಣೆ ಕೇಳಿದೆ. ತಿಂಗಳು ಕೇಳೋಕೆ ಮನಸ್ಸು ಬರಲಿಲ್ಲ. ತುಂಗೆಯ ದಂಡೆಯವರೇ, ಆ ನಾಲ್ಕು ಗಂಟೆಯ ಫೋಟೋದ ಕಾಮನ್ಸ್ ಹೆಸರು ಕೊಡುತ್ತೀರಾ?