ವಿಚ್ಛೇದನದ ನಂತರ ಮಗಳನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ಯಲು ತಂದೆಯ ಸಹಿ ಸಾಕೇ, ನ್ಯಾಯಾಲಯದ ಅನುಮತಿಯೂ ಬೇಕೇ?

ಪ್ರಶ್ನೆ: ಕಲಬುರಗಿಯ ತಾಯಿ

ಎಲ್ಲರಿಗೂ ಶರಣಾರ್ಥಿ. ನಾನು ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮೆಲ್ಬರ್ನ್‌ನ ಆಸ್ಪತ್ರೆಯೊಂದರಿಂದ ನನಗೆ ಕೆಲಸದ ಆಹ್ವಾನ ಬಂದಿದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯಿಂದ ನಮ್ಮ ವಿಚ್ಛೇದನ ಇಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿಯೇ ಆಗಿದೆ. ಮಗಳಿಗೆ ಎಂಟು ವರ್ಷ. ರಾಜಿ ಪತ್ರದ ಪ್ರಕಾರ ಅವಳು ನನ್ನ ಸುಪರ್ದಿಯಲ್ಲಿದ್ದಾಳೆ. ತಂದೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಅವಳನ್ನು ಕರೆದುಕೊಂಡು ಹೋಗಬಹುದು, ಬೇಸಿಗೆ ರಜೆಯಲ್ಲಿ ಹದಿನೈದು ದಿನ ಅವಳು ಹುಮನಾಬಾದಿನಲ್ಲಿ ಅಜ್ಜ-ಆಯಿಯ ಮನೆಯಲ್ಲಿರಬೇಕು. ಈವರೆಗೆ ಇದರಲ್ಲಿ ಯಾವ ತಕರಾರೂ ಆಗಿಲ್ಲ. ಪರದೇಶದ ವಿಷಯ ಮಾತ್ರ ರಾಜಿ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಮಗಳ ತಂದೆಗೆ ತಿಳಿಸಿದಾಗ ಮೊದಲು "ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು ಬಾ, ಸಹಿ ಮಾಡುತ್ತೇನೆ" ಎಂದರು. ನಂತರ ಹಿರಿಯರೆದುರು ಕುಳಿತು ಮಾತನಾಡುವಾಗ ಅವರ ಅಣ್ಣನವರು, ಮಗಳಿಗೆ ಕೊಡುತ್ತಿರುವ ತಿಂಗಳ ಜೀವನಾಂಶವನ್ನು ನಾನು ಬಿಟ್ಟುಕೊಟ್ಟರೆ ಮಾತ್ರ ಸಹಿ ಎಂಬ ಷರತ್ತು ಹಾಕಿದರು. ನನಗೆ ಹಣದ ಹಟವಿಲ್ಲ. ನೋಟರಿ ಮಾಡಿಸಿದ ಒಪ್ಪಿಗೆಪತ್ರವೊಂದೇ ವೀಸಾಕ್ಕೂ ಕಾನೂನಿಗೂ ಸಾಕಾಗುತ್ತದೆಯೇ, ಅಥವಾ ಮತ್ತೆ ನ್ಯಾಯಾಲಯಕ್ಕೆ ಹೋಗಲೇಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ವಕೀಲರು, ಕಲಬುರಗಿ

ಸಹೋದರಿ, ತಮ್ಮ ವಿಚ್ಛೇದನದ ಡಿಕ್ರಿಯನ್ನು, ಅಂದರೆ ನ್ಯಾಯಾಲಯದ ಅಂತಿಮ ಆದೇಶವನ್ನು, ನೋಡದೆ ಬರೆಯುತ್ತಿದ್ದೇನೆ. ಆದ್ದರಿಂದ ಇದನ್ನು ತಮ್ಮ ವಕೀಲರ ಮುಂದಿಟ್ಟು ಚರ್ಚಿಸುವುದಕ್ಕೆ ಬೇಕಾದ ಸಾಮಗ್ರಿಯೆಂದು ಮಾತ್ರ ಭಾವಿಸಿರಿ.

ಮಗಳು ತಮ್ಮ ಸುಪರ್ದಿಯಲ್ಲಿದ್ದಾಳೆ ಎಂದ ಮಾತ್ರಕ್ಕೆ ತಂದೆಯ ಪೋಷಕತ್ವ ಕೊನೆಗೊಂಡಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನಂತೆ ಅವರು ಸಹಜ ಪೋಷಕರು. ತಾಯಿಯೂ ಸಂದರ್ಭಕ್ಕೆ ತಕ್ಕಂತೆ ಸಹಜ ಪೋಷಕಿಯಾಗಿ ನಡೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ. ಆದರೆ ತಿಂಗಳಿಗೆ ಎರಡು ಸಲ ತಪ್ಪದೆ ಬಂದು ಮಗುವನ್ನು ನೋಡುವ ತಂದೆಯನ್ನು ಆ ತೀರ್ಪಿನ ಬಲದಿಂದ ಬದಿಗೆ ಸರಿಸಲಾಗದು. ಅದಕ್ಕೂ ಮಿಗಿಲಾಗಿ, ಭಾನುವಾರದ ಭೇಟಿ ಮತ್ತು ಬೇಸಿಗೆಯ ಹದಿನೈದು ದಿನಗಳು ಈಗ ನಿಮ್ಮಿಬ್ಬರ ನಡುವಿನ ಮಾತಾಗಿ ಉಳಿದಿಲ್ಲ, ಡಿಕ್ರಿಯ ಭಾಗವಾಗಿವೆ. ಮಗು ಮೆಲ್ಬರ್ನ್‌ನಲ್ಲಿ ನೆಲೆಸಿದ ದಿನದಿಂದ ಆ ಷರತ್ತುಗಳನ್ನು ಪಾಲಿಸುವುದು ಅಸಾಧ್ಯವಾಗುತ್ತದೆ, ಮತ್ತು ನ್ಯಾಯಾಲಯ ಮಾಡಿದ ಷರತ್ತನ್ನು ನೋಟರಿ ಮುಂದೆ ಬರೆದ ಪತ್ರದಿಂದ ಬದಲಾಯಿಸಲಾಗದು. ಇಂದು ಸಂತೋಷದಿಂದ ಬರೆದುಕೊಟ್ಟವರು ನಾಳೆ ಮನಸ್ಸು ಬದಲಿಸಿ, ಡಿಕ್ರಿ ಉಲ್ಲಂಘನೆಯಾಗಿದೆ ಎಂದು ಅರ್ಜಿ ಹಾಕಿದರೆ ತಾವು ಪರದೇಶದಿಂದ ಉತ್ತರಿಸಬೇಕಾಗುತ್ತದೆ. ಎರಡು ವಾರಗಳ ಪ್ರವಾಸವಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ತಮ್ಮದು ನೆಲೆ ಬದಲಾಯಿಸುವ ವಿಷಯ.

ದಾರಿ ಕಷ್ಟದ್ದೇನಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮು, ಮಕ್ಕಳ ಸುಪರ್ದಿ, ಪೋಷಣೆ ಮತ್ತು ವಿದ್ಯಾಭ್ಯಾಸದ ಬಗ್ಗೆ ಡಿಕ್ರಿಯಾದ ನಂತರವೂ ಆದೇಶಗಳನ್ನು ಮಾಡುವ, ಬದಲಾಯಿಸುವ ಅಧಿಕಾರವನ್ನು ಅದೇ ನ್ಯಾಯಾಲಯಕ್ಕೆ ಕೊಟ್ಟಿದೆ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಲ್ಲಿಯೂ ಇದೇ 26ನೇ ಸಂಖ್ಯೆಯ ಕಲಮೊಂದಿದ್ದು, ಕಕ್ಷಿದಾರರು ಎರಡನ್ನೂ ಬೆರೆಸಿಕೊಳ್ಳುವುದನ್ನು ಬಹಳ ನೋಡಿದ್ದೇನೆ. ನ್ಯಾಯಾಲಯವೇ ನೇಮಿಸಿದ ಪೋಷಕರು ಅನುಮತಿಯಿಲ್ಲದೆ ಮಗುವನ್ನು ಆ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಒಯ್ಯಬಾರದೆಂದು 1890ರ ಕಾಯ್ದೆಯ ಆ ಕಲಮು ವಿಧಿಸುತ್ತದೆ. ವ್ಯಾಪ್ತಿ ತಪ್ಪಿಸುವ ಉದ್ದೇಶದಿಂದ ಒಯ್ದರೆ 44ನೇ ಕಲಮಿನಡಿ ಆರು ತಿಂಗಳವರೆಗೆ ಸಿವಿಲ್ ಜೈಲು ವಿಧಿಸಲೂ ಅವಕಾಶವಿದೆ. ತಮ್ಮದು ವಿಚ್ಛೇದನದ ಡಿಕ್ರಿಯಾದ್ದರಿಂದ ಆ ಕಲಮು ನೇರವಾಗಿ ಅನ್ವಯಿಸಲಿಕ್ಕಿಲ್ಲ. ಆದರೂ ನ್ಯಾಯಾಧೀಶರ ಆಲೋಚನೆ ಯಾವ ದಿಕ್ಕಿನಲ್ಲಿರುತ್ತದೆ ಎಂಬುದಕ್ಕೆ ಅದು ಸೂಚನೆ.

ಇಬ್ಬರೂ ಒಪ್ಪಿದರೆ ಜಂಟಿ ಅರ್ಜಿ ಹಾಕುವುದು ಎಲ್ಲಕ್ಕಿಂತ ಉತ್ತಮ. ಉಭಯತರ ಒಪ್ಪಿಗೆಯಿಂದ ಕೌಟುಂಬಿಕ ನ್ಯಾಯಾಲಯ ಮಾಡಿದ ಆದೇಶದ ವಿರುದ್ಧ ಮೇಲ್ಮನವಿ ಇಲ್ಲವೆಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಹಾಗಾಗಿ ವಿಷಯ ಇಲ್ಲಿಯೇ ಇತ್ಯರ್ಥವಾಗುತ್ತದೆ. ಅವರು ಒಪ್ಪದಿದ್ದರೂ ಬಾಗಿಲು ಮುಚ್ಚಿದಂತಲ್ಲ. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದ ತಾಯಿಯೊಬ್ಬರು ಉದ್ಯೋಗಕ್ಕಾಗಿ ಮಗನೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಲು ಅನುಮತಿ ಕೇಳಿದ ಪ್ರಕರಣ 2010ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಸುಪರ್ದಿಯ ಆದೇಶ ಎಂದೂ ಕಲ್ಲಿನ ಮೇಲೆ ಬರೆದದ್ದಲ್ಲ, ಮಗುವಿನ ಹಿತಕ್ಕೆ ತಕ್ಕಂತೆ ಬದಲಾಗಬಹುದು ಎಂಬ ತತ್ತ್ವವನ್ನು ಎತ್ತಿ ಹಿಡಿದು, ಮಗುವಿನೊಂದಿಗೆ ತಮ್ಮ ಕೊಠಡಿಯಲ್ಲಿಯೇ ಮಾತನಾಡಿದ ನಂತರ ನ್ಯಾಯಮೂರ್ತಿಗಳು ತಾಯಿಯ ಪರವಾಗಿ ತೀರ್ಪಿತ್ತರು. ತಮ್ಮ ಮಗಳನ್ನೂ ನ್ಯಾಯಾಧೀಶರು ಕರೆದು ಕೇಳಬಹುದು. ಅವಳಿಗೆ ಉತ್ತರ ಹೇಳಿಕೊಟ್ಟು ಕಳುಹಿಸಬೇಡಿ. ಅದು ಎರಡನೆಯ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಜೀವನಾಂಶದ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಅದು ಮಗಳ ಹಕ್ಕು. ತಾಯಿ ಅದನ್ನು ಸಹಿಯ ಬೆಲೆಯಾಗಿ ಬಿಟ್ಟುಕೊಡುವಂತಿಲ್ಲ. ಆದರೆ ತಮಗೆ ನಿಜವಾಗಿಯೂ ಹಣದ ಅಗತ್ಯವಿಲ್ಲದಿದ್ದರೆ, ಆ ಮೊತ್ತವನ್ನು ತಂದೆ ಮಗಳ ವಿಮಾನದ ಟಿಕೆಟಿಗಾಗಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ಆದೇಶದಲ್ಲಿಯೇ ಬರೆಸಬಹುದು. ಹಟ ಹಿಡಿದ ಅಣ್ಣನವರೂ ಇದಕ್ಕೆ ಒಪ್ಪಬಹುದೇನೋ.

ಉತ್ತರ: ಭಾಲ್ಕಿಯವಳು, ಈಗ ಸಿಡ್ನಿಯಲ್ಲಿ

ತಂಗಿ, ವಕೀಲರು ಕಾನೂನು ಹೇಳಿದ್ದಾರೆ. ಆ ಆದೇಶದಲ್ಲಿ ಏನೇನು ಇರಬೇಕು ಎಂಬುದನ್ನು ನಾನು ಹೇಳುತ್ತೇನೆ. ಇದೇ ದಾರಿಯಲ್ಲಿ ಮಗನನ್ನು ಕರೆದುಕೊಂಡು ಬಂದವಳು ನಾನು.

ವೀಸಾದವರು ತಮ್ಮದೇ ನಮೂನೆಯನ್ನು ಕೇಳುತ್ತಾರೆ. ಹದಿನೆಂಟು ವರ್ಷದೊಳಗಿನ ಮಗುವಿಗೆ ಆಸ್ಟ್ರೇಲಿಯಾ ವೀಸಾ ಕೊಡಲು, ಜೊತೆಯಲ್ಲಿ ಬಾರದ ತಂದೆ ಅಥವಾ ತಾಯಿ ಒಪ್ಪಿಗೆ ಸೂಚಿಸುವ ನಮೂನೆಯ ಸಂಖ್ಯೆ 1229. ಅದರೊಂದಿಗೆ ಅವರ ಸಹಿ ಇರುವ ಗುರುತಿನ ದಾಖಲೆಯ ಪ್ರತಿಯನ್ನು ಇಡಬೇಕು. ಆ ಒಪ್ಪಿಗೆ ಸಿಗದಿದ್ದರೆ, ಮಗುವನ್ನು ದೇಶದಿಂದ ಕರೆದೊಯ್ಯಲು ತಾಯಿಗೆ ಅನುಮತಿಯಿದೆ ಎಂದು ಸ್ಪಷ್ಟವಾಗಿ ಹೇಳುವ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಸುಪರ್ದಿ ತಾಯಿಯದು ಎಂಬ ಒಂದು ಸಾಲನ್ನು ಮಾತ್ರ ನೆಚ್ಚಿಕೊಳ್ಳಬೇಡ.

ಇನ್ನು ಯಾರೂ ಮೊದಲೇ ಯೋಚಿಸದ ವಿಷಯ ಪಾಸ್‌ಪೋರ್ಟಿನದು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ. ತಂದೆ-ತಾಯಿ ಇಬ್ಬರೂ ಸಹಿ ಮಾಡಿದರೆ ಅನೆಕ್ಷರ್ ಡಿ, ಒಬ್ಬರದೇ ಸಹಿಯಾದರೆ ಅನೆಕ್ಷರ್ ಸಿ ಎಂಬ ಘೋಷಣಾ ಪತ್ರ ಕೊಡಬೇಕೆಂಬ ನಿಯಮ ಕಲಬುರಗಿಯ ಸೇವಾ ಕೇಂದ್ರದಲ್ಲಿ ಇರುವಂತೆಯೇ ಇಲ್ಲಿನ ಭಾರತೀಯ ದೂತಾವಾಸದಲ್ಲಿಯೂ ಇದೆ. ಎರಡು-ಮೂರು ವರ್ಷಗಳ ನಂತರ ಅವರ ಸಹಿಗಾಗಿ ಮತ್ತೆ ಕಾಯುವಂತಾಗಬಾರದು. ತಂದೆಯ ಸಹಿ ಇಲ್ಲದೆಯೇ ಪಾಸ್‌ಪೋರ್ಟ್ ನವೀಕರಿಸಬಹುದು ಎಂಬ ವಾಕ್ಯವನ್ನು ಈಗಲೇ ಆದೇಶದಲ್ಲಿ ಸೇರಿಸು. ಆದೇಶದ ದೃಢೀಕೃತ ನಕಲುಗಳನ್ನು ಧಾರಾಳವಾಗಿ ತೆಗೆಸಿ, ಒಂದಕ್ಕೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಪರದೇಶಕ್ಕಾಗಿ ಹಾಕುವ ದೃಢೀಕರಣ) ಹಾಕಿಸಿಕೊಂಡು ಬಾ.

ಭೇಟಿಯ ದಿನಗಳನ್ನು ನಮ್ಮೂರಿನ ಪಂಚಾಂಗ ನೋಡಿ ಬರೆಸಬೇಡ. ಇಲ್ಲಿ ಶಾಲೆ ಆರಂಭವಾಗುವುದು ಜನವರಿ ಕೊನೆ, ಫೆಬ್ರವರಿ ಮೊದಲಿಗೆ. ದೊಡ್ಡ ರಜೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಕಲಬುರಗಿಯಲ್ಲಿ ಮಕ್ಕಳು ಬೇಸಿಗೆ ರಜೆಯಲ್ಲಿರುವ ಮೇ ತಿಂಗಳಲ್ಲಿ ಇಲ್ಲಿನ ಮಕ್ಕಳು ಚೀಲ ಹೊತ್ತು ಶಾಲೆಗೆ ಹೋಗುತ್ತಿರುತ್ತಾರೆ. "ಬೇಸಿಗೆ ರಜೆಯಲ್ಲಿ ಹದಿನೈದು ದಿನ" ಎಂಬ ಹಳೆಯ ಸಾಲು ಹಾಗೆಯೇ ಉಳಿದರೆ, ಪ್ರತಿ ವರ್ಷ ನೀನು ಆದೇಶ ಮೀರಿದಂತಾಗುತ್ತದೆ ಅಥವಾ ಮಗಳು ಶಾಲೆ ತಪ್ಪಿಸಿದಂತಾಗುತ್ತದೆ. ವೀಡಿಯೊ ಕರೆಯದೂ ಇದೇ ಕಥೆ. ನಮ್ಮ ರಾಜಿ ಪತ್ರದ ಕರಡಿನಲ್ಲಿ ರಾತ್ರಿ ಎಂಟು ಗಂಟೆ ಎಂದು ಟೈಪ್ ಆಗಿತ್ತು. ಅಲ್ಲಿ ಎಂಟಾದರೆ ಇಲ್ಲಿ ಮಧ್ಯರಾತ್ರಿ ದಾಟಿ ಹನ್ನೆರಡೂವರೆ. ಅಕ್ಟೋಬರಿನಿಂದ ಏಪ್ರಿಲ್ ಮೊದಲ ವಾರದವರೆಗೆ ಗಡಿಯಾರ ಮುಂದಿಡುವುದರಿಂದ ಒಂದೂವರೆ. ನಮ್ಮ ವಕೀಲರು ಅದನ್ನು ಹೊಡೆದು ಹಾಕಿ, ಭಾರತದ ಮಧ್ಯಾಹ್ನ ಎರಡು ಗಂಟೆ ಎಂದು ಕೈಯಿಂದಲೇ ತಿದ್ದಿ, ಇಬ್ಬರ ಸಹಿಯನ್ನೂ ಅಂಚಿನಲ್ಲಿ ಹಾಕಿಸಿದರು. ಆ ಹೊತ್ತಿಗೆ ಮಗ ಶಾಲೆಯಿಂದ ಬಂದು ಊಟಕ್ಕೆ ಕುಳಿತಿರುತ್ತಾನೆ. ಅವರಪ್ಪ ಅಂಗಡಿಯಲ್ಲಿ ಗಿರಾಕಿ ಕಡಿಮೆಯಿರುವ ಹೊತ್ತು ನೋಡಿ ಮಾತನಾಡುತ್ತಾರೆ.

ಉತ್ತರ: ಶಹಾಪುರದ ತಂದೆ

ನಾನು ಇನ್ನೊಂದು ಬದಿಯಲ್ಲಿ ನಿಂತವನು, ಅಂದರೆ ಸಹಿ ಮಾಡಬೇಕಾಗಿ ಬಂದ ತಂದೆ. ತಾಯಂದಿರು ಇದನ್ನು ಅನ್ಯಥಾ ಭಾವಿಸಬಾರದು. ಜೀವನಾಂಶವನ್ನು ಮುಂದಿಟ್ಟು ಚೌಕಾಶಿ ಮಾಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಹಳ ಸಲ ಹಣದ ಮಾತಿನ ಹಿಂದೆ ಬೇರೆಯೇ ಭಯವಿರುತ್ತದೆ. ಮಗು ಒಮ್ಮೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣದಲ್ಲಿ ವಿಮಾನ ಹತ್ತಿದ ಮೇಲೆ ಯಾರ ಬಳಿ ಹೋಗಿ ಕೇಳಬೇಕು ಎಂಬ ಭಯ. ಅದು ಆಧಾರವಿಲ್ಲದ ಭಯವೇನೂ ಅಲ್ಲ. ಮಕ್ಕಳ ಅಂತರರಾಷ್ಟ್ರೀಯ ಅಪಹರಣದ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಆಸ್ಟ್ರೇಲಿಯಾ ಸೇರಿದೆ, ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗವು 2009ರಲ್ಲಿ ತನ್ನ 218ನೇ ವರದಿಯಲ್ಲಿ ಶಿಫಾರಸು ಮಾಡಿದ್ದರೂ ಅದು ಜಾರಿಗೆ ಬಂದಿಲ್ಲ. ಆದ್ದರಿಂದ ಮಗುವನ್ನು ಹಿಂದಿರುಗಿಸದಿದ್ದರೆ ಆ ಒಪ್ಪಂದದ ಸರಳ ದಾರಿ ಇಲ್ಲಿನ ತಂದೆಗೆ ಸಿಗುವುದಿಲ್ಲ.

ಇದಕ್ಕೆ ಪರಿಹಾರವಾಗಿ ನಮ್ಮ ವಕೀಲರು ಕೇಳಿದ್ದು ಮಿರರ್ ಆರ್ಡರ್. ಎಂದರೆ ಇಲ್ಲಿನ ಆದೇಶದ ಷರತ್ತುಗಳನ್ನೇ ಅಲ್ಲಿನ ನ್ಯಾಯಾಲಯದಿಂದಲೂ ಆದೇಶವಾಗಿ ಪಡೆಯುವುದು. ಕೀನ್ಯಾದಲ್ಲಿದ್ದ ತಂದೆಯೊಬ್ಬರಿಗೆ 2020ರಲ್ಲಿ ಸುಪ್ರೀಂ ಕೋರ್ಟ್ ಮಗುವಿನ ಸುಪರ್ದಿಯನ್ನು ಇಂಥ ಷರತ್ತಿನ ಮೇಲೆಯೇ ಕೊಟ್ಟಿತ್ತು. ಅವರು ಷರತ್ತುಗಳನ್ನು ಪಾಲಿಸದೇ ಹೋದಾಗ, 2021ರಲ್ಲಿ ಆ ಆದೇಶವನ್ನೇ ಹಿಂಪಡೆದು, ಮಗುವನ್ನು ತಾಯಿಗೆ ಒಪ್ಪಿಸುವ ಕ್ರಮಕ್ಕಾಗಿ ಸಿಬಿಐಗೆ ನಿರ್ದೇಶಿಸಿತು. ಮಿರರ್ ಆರ್ಡರ್ ಇದ್ದರೆ ಎಲ್ಲವೂ ಭದ್ರ ಎಂದು ಇದರಿಂದ ತಿಳಿಯಬಾರದು, ಬರೆದುಕೊಟ್ಟವರು ಪಾಲಿಸಬೇಕಾಗುತ್ತದೆ. ಆದರೂ ತಾವಾಗಿಯೇ "ಅಲ್ಲಿಗೆ ಹೋದ ಇಷ್ಟು ತಿಂಗಳೊಳಗೆ ಅಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ ಇದೇ ಷರತ್ತುಗಳಿಗೆ ಒಪ್ಪಿಗೆಯ ಆದೇಶ ಪಡೆಯುತ್ತೇನೆ" ಎಂದು ಬರೆದುಕೊಟ್ಟು ನೋಡಿ, ಮೇಡಂ. ನನ್ನ ಮಟ್ಟಿಗೆ ಆ ಒಂದು ಸಾಲು ಹಿರಿಯರ ಹತ್ತು ಪಂಚಾಯಿತಿಗಳಿಗಿಂತ ಹೆಚ್ಚಿನ ಕೆಲಸ ಮಾಡಿತು. ಮನೆಯ ವಿಳಾಸ, ಶಾಲೆಯ ಹೆಸರು ಮತ್ತು ವರ್ಷದ ಅಂಕಪಟ್ಟಿಯನ್ನು ತಂದೆಗೆ ಕಳುಹಿಸುವ ಬಗ್ಗೆಯೂ ಒಂದು ಸಾಲಿರಲಿ.

ಉತ್ತರ: ಬಸವಕಲ್ಯಾಣದವ, ಈಗ ದುಬೈಯಲ್ಲಿ

ಒಂದು ಸಣ್ಣ ಸೇರ್ಪಡೆ. ನಮ್ಮ ಭಾಗದಲ್ಲಿ ಸಹಿ ಮಾಡಬೇಕಾದ ತಂದೆಯೇ ಕೊಲ್ಲಿ ದೇಶದಲ್ಲಿರುವ ಪ್ರಸಂಗಗಳು ಬಹಳ. ಅಂಥವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪ್ರಮಾಣಪತ್ರವನ್ನೇ ಕಳುಹಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ತೆಗೆದು ಕಳುಹಿಸಿದ ಸಹಿಯನ್ನು ಪಾಸ್‌ಪೋರ್ಟ್ ಕೇಂದ್ರದವರು ಒಪ್ಪುವುದಿಲ್ಲ. ನಮ್ಮಂಥ ಮುಸ್ಲಿಂ ಕುಟುಂಬಗಳಿಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸದ ಕಾರಣ, ವಕೀಲರು ಹೇಳಿದ 1890ರ ಕಾಯ್ದೆಯಡಿ ಅರ್ಜಿ ಹಾಕಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಕಲಬುರಗಿಯ ತಾಯಿ

ಎಲ್ಲರಿಗೂ ಧನ್ಯವಾದಗಳು. ಶಹಾಪುರದ ಅಣ್ಣನವರ ಮಾತನ್ನು ಓದಿದ ಮೇಲೆ, ಷರತ್ತು ಹಾಕಿದ ಭಾವನವರನ್ನು ಬಿಟ್ಟು ನೇರವಾಗಿ ಮಗಳ ತಂದೆಯೊಂದಿಗೇ ಮಾತನಾಡಿದೆ. ಟಿಕೆಟಿನ ಖಾತೆಗೆ ಒಪ್ಪಿದ್ದಾರೆ. ಡಿಸೆಂಬರ್-ಜನವರಿಯಲ್ಲಿ ನಾಲ್ಕು ವಾರ ಮಗಳು ಹುಮನಾಬಾದಿನಲ್ಲಿರುವುದಕ್ಕೂ ಒಪ್ಪಿಗೆಯಿದೆ. ಆದರೆ ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಯ ತೇರಿಗೆ ಅವಳು ಪ್ರತಿ ವರ್ಷ ಬರಲೇಬೇಕೆಂಬ ಷರತ್ತನ್ನು ಅವರ ತಾಯಿಯವರು ಬಿಡುತ್ತಿಲ್ಲ. ಆಗ ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಇದನ್ನು ಹೇಗೆ ಬರೆಸಬೇಕು? ಇನ್ನೊಂದು ಮಾತು: ನಾನು ಸೇರಬೇಕಾದ ದಿನಾಂಕ ಹತ್ತಿರವಾಗುತ್ತಿದೆ, ಟಿಕೆಟ್ ತೆಗೆಸಬಹುದೇ?

ಉತ್ತರ: ವಕೀಲರು, ಕಲಬುರಗಿ

ಆದೇಶದ ದೃಢೀಕೃತ ನಕಲು ಕೈಗೆ ಬರುವವರೆಗೆ ಮಗಳ ಟಿಕೆಟ್ ಬೇಡ. ಸೇರುವ ದಿನಾಂಕ ಮುಂದೂಡಲು ಆಸ್ಪತ್ರೆಯವರು ಒಪ್ಪದಿದ್ದರೆ, ತಾವೊಬ್ಬರೇ ಮೊದಲು ಹೋಗುವ ಬಗ್ಗೆ ಯೋಚಿಸಬಹುದು. ಆಗ ಆ ಅವಧಿಯಲ್ಲಿ ಮಗಳು ತವರುಮನೆಯಲ್ಲಿರಬೇಕೇ ಅಥವಾ ತಂದೆಯ ಬಳಿ ಇರಬೇಕೇ ಎಂಬುದನ್ನೂ ಅದೇ ಜಂಟಿ ಅರ್ಜಿಯಲ್ಲಿ ತಪ್ಪದೆ ಬರೆಯಿರಿ.

ಜಾತ್ರೆಯ ವಿಷಯದಲ್ಲಿ "ಪ್ರತಿ ವರ್ಷ" ಎಂಬ ಪದಕ್ಕೆ ಒಪ್ಪಬೇಡಿ. ಹೋಳಿ ಹುಣ್ಣಿಮೆಯನ್ನು ಅನುಸರಿಸಿ ಬರುವ ಜಾತ್ರೆಯಾದ್ದರಿಂದ ದಿನಾಂಕ ವರ್ಷವರ್ಷಕ್ಕೆ ಹಿಂದೆ ಮುಂದೆ ಆಗುತ್ತಿರುತ್ತದೆ. "ಶಾಲೆಯವರು ರಜೆ ಮಂಜೂರು ಮಾಡಿದ ವರ್ಷಗಳಲ್ಲಿ, ಪ್ರಯಾಣದ ವೆಚ್ಚವನ್ನು ತಂದೆ ಭರಿಸಿದರೆ" ಎಂದು ಬರೆಸಿ, ಉಳಿದ ವರ್ಷಗಳಲ್ಲಿ ತೇರಿನ ಹೊತ್ತಿಗೆ ಆಯಿಯ ಫೋನಿನಿಂದ ವೀಡಿಯೊ ಕರೆ ಎಂದು ಸೇರಿಸಿ. ತೇರು ಸಂಜೆ ಎಳೆಯುವುದರಿಂದ ಅಲ್ಲಿ ಆಗ ತಡರಾತ್ರಿಯಾಗಿರುತ್ತದೆ. ಆ ಒಂದು ದಿನ ಮಗಳು ಎಚ್ಚರವಾಗಿದ್ದರೆ ಪರವಾಗಿಲ್ಲವೇ ಎಂಬುದನ್ನು ತಾವೇ ತೀರ್ಮಾನಿಸಿ ಕರಡಿಗೆ ಸೇರಿಸಿರಿ.