ಬಿ.ಇ.2ಸಿ ವಿಮಾನದಲ್ಲಿ ವೀಕ್ಷಕನನ್ನು ಮುಂದೆ ಕೂರಿಸಿದ್ದೇಕೆ?

ಪ್ರಶ್ನೆ:
ಮೊದಲ ಮಹಾಯುದ್ಧದಲ್ಲಿ ಶತ್ರುಪಡೆಗಳ ಚಲನವಲನ ಗಮನಿಸಲು ಬ್ರಿಟಿಷರು ಬಳಸಿದ ಬಿ.ಇ.2ಸಿ ಎಂಬ ಎರಡು ಆಸನಗಳ ಬೈಪ್ಲೇನಿನ ಚಿತ್ರಗಳನ್ನು ನೋಡುತ್ತಿದ್ದೆ. ಪೈಲಟ್ ಹಿಂದಿನ ಆಸನದಲ್ಲಿದ್ದಾನೆ, ವೀಕ್ಷಕ ಮುಂದಿನದರಲ್ಲಿ. ವೀಕ್ಷಕನ ಕೆಳಗೊಂದು ರೆಕ್ಕೆ, ಮೇಲೊಂದು ರೆಕ್ಕೆ, ಸುತ್ತಲೂ ಕಂಬಗಳು ಮತ್ತು ಬಿಗಿದ ತಂತಿಗಳು. ನೋಡುವುದೇ ಕೆಲಸವಾಗಿರುವವನನ್ನು ಇಂಥ ಕಡೆ ಕೂರಿಸಿದ್ದೇಕೆ?

ಉತ್ತರ 1:
ತೂಕದ ಹೊಂದಾಣಿಕೆಯೇ ಕಾರಣ. ಸುಮಾರು 90 ಅಶ್ವಶಕ್ತಿಯ ಎಂಜಿನ್ನಿಗೆ ವೀಕ್ಷಕನನ್ನೂ ಬಾಂಬುಗಳನ್ನೂ ಒಟ್ಟಿಗೆ ಹೊರುವ ತ್ರಾಣವಿರಲಿಲ್ಲವಾದ್ದರಿಂದ, ಬಾಂಬು ಒಯ್ಯುವಾಗ ಪೈಲಟ್ ಸಾಮಾನ್ಯವಾಗಿ ಒಬ್ಬನೇ ಹೋಗುತ್ತಿದ್ದ. ಮುಂದಿನ ಆಸನ ಗುರುತ್ವಕೇಂದ್ರದ ಹತ್ತಿರವಿದ್ದುದರಿಂದ ಅದು ಖಾಲಿಯಿದ್ದರೂ ವಿಮಾನದ ಸಮತೋಲ ಕೆಡುತ್ತಿರಲಿಲ್ಲ. ಗಾಳಿಗೆ ಓಲಾಡಿದರೂ ತಾನಾಗಿಯೇ ನೆಟ್ಟಗಾಗುವ ಗುಣವನ್ನು ಈ ವಿಮಾನಕ್ಕೆ ತಂದುಕೊಟ್ಟವರು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಕಾರ್ಖಾನೆಯ ಎಡ್ವರ್ಡ್ ಬಸ್ಕ್. 1914ರ ನವೆಂಬರಿನಲ್ಲಿ, ಅವರು ಹಾರಿಸುತ್ತಿದ್ದ ಬಿ.ಇ.2ಸಿಗೆ ಆಕಾಶದಲ್ಲೇ ಬೆಂಕಿ ಹತ್ತಿ ತೀರಿಕೊಂಡರು. ಆಗಸದಲ್ಲಿ ಕಾಳಗವೆಂಬುದು ಇನ್ನೂ ಮೊದಲಾಗದಿದ್ದ ಆ ದಿನಗಳಲ್ಲಿ, ನೆಲವನ್ನು ನಿಧಾನವಾಗಿ ನೋಡಿ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುವವರಿಗೆ ಇದಕ್ಕಿಂತ ಅನುಕೂಲವಾದ ಗುಣ ಬೇರೊಂದಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. 1915ರ ಬೇಸಿಗೆಯಲ್ಲಿ ಜರ್ಮನರು ಪ್ರೊಪೆಲ್ಲರಿನ ಅಲಗುಗಳ ನಡುವಿನಿಂದಲೇ ಗುಂಡು ಹಾರಿಸುವ ಮೆಷಿನ್‌ಗನ್ ಹೊತ್ತ ಫೋಕರ್ ವಿಮಾನಗಳನ್ನು ತಂದಾಗ, ನೆಟ್ಟಗೆ ಹಾರುವುದಕ್ಕೆಂದೇ ರೂಪಿಸಿದ್ದ ಬಿ.ಇ.2ಸಿ ಥಟ್ಟನೆ ಹೊರಳಿ ತಪ್ಪಿಸಿಕೊಳ್ಳಲಾರದೆ ಹೋಯಿತು. ಹಿಂದಿನಿಂದ ಬರುವ ಶತ್ರುವಿಗೆ ಗುರಿಯಿಡಬೇಕಾದರೆ ವೀಕ್ಷಕ ತನ್ನ ಪೈಲಟ್‌ನ ತಲೆಯ ಮೇಲಿನಿಂದಲೇ ಗುಂಡು ಹಾರಿಸಬೇಕಿತ್ತು. ಇದೆಲ್ಲ ತಿಳಿದ ಮೇಲೂ ಈ ಮಾದರಿಯ ವಿಮಾನಗಳನ್ನು 1917ರ ಏಪ್ರಿಲಿನವರೆಗೂ ಫ್ರಾನ್ಸಿನ ರಣರಂಗಕ್ಕೆ ಕಳುಹಿಸುತ್ತಲೇ ಇದ್ದುದು ಅಕ್ಷಮ್ಯ.

ಉತ್ತರ 3:
ಹಗಲಿನಲ್ಲಿ ಮುಳುವಾದ ಅದೇ ಸ್ಥಿರತೆ ರಾತ್ರಿಯ ಹಾರಾಟದಲ್ಲಿ ಕೈಹಿಡಿಯಿತು. ಕೊಡಗಿನ ಪೊಲ್ಲಿಬೆಟ್ಟದ ಕಾಫಿ ತೋಟದಲ್ಲಿ 1895ರಲ್ಲಿ ಹುಟ್ಟಿದ ವಿಲಿಯಂ ಲೀಫ್ ರಾಬಿನ್ಸನ್, 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ, ಲಂಡನ್ನಿನ ಉತ್ತರಕ್ಕೆ ಎಸ್.ಎಲ್.11 ಎಂಬ ಜರ್ಮನ್ ವಾಯುನೌಕೆಯನ್ನು (ಹೈಡ್ರೋಜನ್ ಅನಿಲದ ಬಲದಿಂದ ತೇಲುವ ಭಾರಿ ಹಡಗು) ಉರುಳಿಸಿದ್ದು ಬಿ.ಇ.2ಸಿಯಲ್ಲೇ. ಅವರು ಒಬ್ಬರೇ ಹಾರಿದ್ದರು; ನೀವು ಕೇಳಿದ ಆ ಮುಂದಿನ ಆಸನದಲ್ಲಿ ಯಾರೂ ಇರಲಿಲ್ಲ. ಎರಡು ಡ್ರಮ್ (ಮೆಷಿನ್‌ಗನ್ನಿಗೆ ಗುಂಡು ತುಂಬಿಡುವ ದುಂಡನೆಯ ಡಬ್ಬಿ) ಗುಂಡುಗಳು ವ್ಯರ್ಥವಾದ ಬಳಿಕ, ಮೂರನೆಯದನ್ನು ವಾಯುನೌಕೆಯ ಹಿಂಭಾಗದ ಒಂದೇ ಜಾಗಕ್ಕೆ ಗುರಿಯಿಟ್ಟು ಹಾರಿಸಿದಾಗ ಅದು ಹೊತ್ತಿಕೊಂಡು ಕಫ್ಲಿ ಎಂಬ ಹಳ್ಳಿಯ ಬಳಿ ಬಿತ್ತು. ಅದರಲ್ಲಿದ್ದ 16 ಮಂದಿಯೂ ಸತ್ತರು. ರಾಬಿನ್ಸನ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ದೊರೆಯಿತು.