ಹಿತ್ತಲದಾಗ ಬಿದ್ದ ಸೈಕಲ್ ಮತ್ತ ರೋಡಿಗೆ ಇಳಸ್ಬೇಕು, ಗೊತ್ತಿದ್ದವ್ರು ಹೇಳ್ರಿ

ಗಂಗಾವತಿ ಕಡೆಯಿಂದ:
ಎಲ್ರಿಗೂ ನಮಸ್ಕಾರ್ರಿ. ನಮ್ ತಮ್ಮಗ 8ನೇ ಕ್ಲಾಸಿನ್ಯಾಗ ಸರ್ಕಾರದವ್ರು ಕೊಟ್ಟಿದ್ ಸೈಕಲ್ ಐತಿ, ಅವ ಬೈಕ್ ತಗೊಂಡ್ ಮ್ಯಾಲೆ ಹಂಗ ಬಿದ್ದೈತಿ. ಈಗ ನನಗ ರೈಸ್ ಮಿಲ್ಲಿನ್ಯಾಗ ಕೆಲ್ಸ ಸಿಕ್ಕೈತಿ, ಊರಿಂದ 7 ಕಿಲೋಮೀಟರ್, ವಾಪಸ್ ಬರಾಕ ರಾತ್ರಿ 9 ಆಗ್ತೈತಿ. ಚೈನ್ ತುಕ್ಕು ಹಿಡದೈತಿ, ನಿನ್ನಿ ಸುಮ್ನ ಒಂದ್ ರೌಂಡ್ ಹೊಡದ್ರ ಮೊಣಕಾಲ್ ಹಿಡ್ಕೊಂಡ್ವು. ಸೀಟ್ ಎಷ್ಟು ಎತ್ತರ ಇಡ್ಲಿ? ಲೈಟು ಡೈನಮೋ ಹಾಕಸ್ಲೋ ಚಾರ್ಜಿಂಗ್‌ದು ತಗೊಳ್ಲೋ? ಹೊಸ ಸೈಕಲ್ಲಿಗೆ ಸದ್ಯ ರೊಕ್ಕ ಇಲ್ರಿ.

ಸಿಂಧನೂರಿಂದ:
ಹೊಸಾದು ಯಾಕ ಬೇಕ್ರಿ ಅಣ್ಣಾ, 2006-07ರಿಂದ ಸಾಲ್ಯಾಗ ಕೊಟ್ಟ ಸೈಕಲ್ ನಮ್ಮೂರಾಗ ಹಾಲಿನ ಕ್ಯಾನ್ ಕಟ್ಕೊಂಡು ಇನ್ನೂ ಓಡ್ಯಾಡ್ತಾವ. ಲೈಟಿಂದು ಆಮ್ಯಾಲೆ, ಮೊದ್ಲು ಸೀಟ್ ನೋಡ್ರಿ. ನಮ್ ಕಡೆ ಏನ್ ಮಾಡ್ತಾರಂದ್ರ ಕೂತಾಗ ಎರಡೂ ಪಾದ ನೆಲಕ್ಕ ಪೂರ್ತಿ ಊರ್ಬೇಕು ಅಂತ ಸೀಟ್ ತಳಕ್ಕ ಇಳಿಸಿಬಿಡ್ತಾರ, ತುಳಿಯುವಾಗ ಮೊಣಕಾಲು ಎದಿ ಹತ್ರ ಬರ್ತಾವ, ಹಂಗ 7 ಕಿಲೋಮೀಟರ್ ತುಳದ್ರ ನೋಯಲಾರ್ದ ಏನ್ ಮಾಡ್ತಾವ. ಸೈಕಲ್ ಗ್ವಾಡಿ ಹತ್ರ ನಿಲ್ಸಿ, ಒಂದ್ ಕೈ ಗ್ವಾಡಿಗೆ ಕೊಟ್ಟು ಸೀಟ್ ಮ್ಯಾಲೆ ಕೂಡ್ರಿ, ಒಂದ್ ಪೈಡಲ್ ಪೂರಾ ಕೆಳಗ ತಂದು ಅದರ ಮ್ಯಾಲೆ ಹಿಮ್ಮಡಿ ಇಡ್ರಿ. ಕಾಲು ನೆಟ್ಟಗಾಗ್ಬೇಕು ಆದ್ರ ಸೊಂಟ ಆ ಕಡಿಗೆ ವಾಲಬಾರ್ದು. ಹೊಡಿಯುವಾಗ ಮುಂಗಾಲಿಲೆ ತುಳಿತೀರಲ್ಲ, ಆವಾಗ ತಾನ ಮೊಣಕಾಲು ಸ್ವಲ್ಪ ಬಾಗ್ತದ, ಅಷ್ಟ ಬೇಕಾಗಿದ್ದು. ಚಿಪ್ಪಿನ ಮುಂದ ನೋಯ್ತಿದ್ರ ಸಾಮಾನ್ಯವಾಗಿ ಸೀಟ್ ಕೆಳಗಾಗ್ಯದ, ಮೊಣಕಾಲಿನ ಹಿಂದ ನರ ಜಗ್ಗಿದಂಗಾದ್ರ ಮ್ಯಾಲಾಗ್ಯದ. ಒಮ್ಮಿಗೇ ನಾಕ್ ಬೆರಳು ಏರಸಬ್ಯಾಡ್ರಿ, ಒಂದ್ ಬೆರಳು ಏರ್ಸಿ ಎರಡ್ ದಿನ ಹೊಡದು ನೋಡಿ ಮತ್ತ ಏರಸ್ರಿ. ಸೀಟಿನ ಪೈಪಿಗೆ ಒಂದ್ ಗೆರಿ ಕೊಟ್ಟಿರ್ತಾರ, ಅದು ಹೊರಗ ಕಾಣುವಷ್ಟು ಎಳೀಬಾರ್ದು, ಪೈಪ್ ಮುರೀತದ ಇಲ್ಲಾ ಫ್ರೇಮ್ ಸೀಳ್ತದ. ಪೈಪ್ ಜಾಮ್ ಆಗಿದ್ರ ಸುತ್ತಿಗಿ ತಗೋಬ್ಯಾಡ್ರಿ, ಬೋಲ್ಟ್ ಸಡಲ್ ಮಾಡಿ ಸಂದಿಗೆ ಎಣ್ಣಿ ಬಿಟ್ಟು ರಾತ್ರಿಯೆಲ್ಲಾ ಬಿಡ್ರಿ, ಬೆಳಿಗ್ಗೆ ಸೀಟ್ ಹಿಡದು ಅತ್ಲಾಗ ಇತ್ಲಾಗ ತಿರುವಿದ್ರ ಬರ್ತದ.

ಚೈನಿಗೆ ಚಿಮಣಿ ಎಣ್ಣಿ ಸಿಕ್ರ ಚಲೋ, ಇಲ್ಲಂದ್ರ ಡೀಸಲ್. ಹಳೇ ಟೂತ್‌ಬ್ರಷ್‌ಲೆ ತಿಕ್ಕಿ, ಬಟ್ಟಿಲೆ ಒರಸಿ, ಒಣಗಿದ ಮ್ಯಾಲೆ ಹೊಲಿಗಿ ಮಿಷನ್ ಎಣ್ಣಿ ಕೊಂಡಿಗೊಂದು ಹನಿ ಬಿಡ್ರಿ, ಪೈಡಲ್ ಹಿಂದಕ್ಕ ಹತ್ತಿಪ್ಪತ್ತ್ ಸಲ ತಿರುವಿ ಹೊರಗಿಂದೆಲ್ಲಾ ಒರಸಿಬಿಡ್ರಿ. ಎಣ್ಣಿ ಇರ್ಬೇಕಾಗಿದ್ದು ಕೊಂಡಿ ಒಳಗ, ಹೊರಗ ಹಸಿ ಇದ್ರ ಎರಿ ಹೊಲದ ಧೂಳು ಕುಂತು ಚೈನೂ ಹಲ್ಲೂ ಎರಡೂ ಸವೀತಾವ. ಬೈಕಿನ ಹಳೇ ಆಯಿಲ್ ಅಂತೂ ಹಚ್ಚಲೇಬ್ಯಾಡ್ರಿ. ತುಕ್ಕು ಹಿಡದು ಕೊಂಡಿ ಬಾಗ್ಲಿಲ್ಲಂದ್ರ ತಿಕ್ಕೋದು ಬಿಟ್ಟು ಚೈನ್ ಬದಲಿ ಮಾಡಸ್ರಿ.

ಬಳ್ಳಾರಿಯಿಂದ:
ಮೇಲಿನವ್ರು ಹೇಳಿದ್ದು ಕರೆಕ್ಟ್ ಐತೆ. ಒಂದ್ ಮಾತು, ತೊಳೆಯೋಕಂತ ವಾಟರ್ ಸರ್ವೀಸ್‌ನಲ್ಲಿ ಗನ್ ಹೊಡಿಸ್ಬ್ಯಾಡ್ರಿ, ಗಾಲಿ ನಡುವಿನ ಹಬ್ ಒಳಗೆ ನೀರು ಹೋಗಿ ಗ್ರೀಸ್ ತೊಳ್ಕೊಂಡು ಹೋಗ್ತೈತೆ, ಬಕೆಟ್ ನೀರು, ಸೋಪು, ಹಳೆ ಬಟ್ಟೆ ಸಾಕು. ನಮಗೆ ಸಂಡೂರು ರೋಡಲ್ಲಿ ಅದಿರು ಲಾರಿ ಕೆಂಪು ಧೂಳು ರಿಮ್ಮಿಗೆ ಕೂತು ಬ್ರೇಕ್ ಹಿಡಿದ್ರೆ ಕರ್ ಅಂತಿರ್ತೈತೆ, ಬ್ರೇಕ್ ಕಟ್ಟೆಯಲ್ಲಿ ಸಿಕ್ಕ ಹರಳು ಪಿನ್ನಲ್ಲಿ ಕಿತ್ತು ರಿಮ್ ಒರೆಸಿದ್ರೆ ನಿಲ್ತೈತೆ. ರಿಮ್ಮಿಗೆ ಎಣ್ಣೆ ತಾಗಿಸ್ಬ್ಯಾಡ್ರಿ ಮತ್ತೆ.

ಟೈರ್ ಒಳಗೆ ಕೈ ಆಡಿಸಿ ನೋಡ್ರಿ, ನಿಧಾನ, ಬಳ್ಳಾರಿ ಜಾಲಿ ಮುಳ್ಳು ತುದಿ ಮುರ್ಕೊಂಡು ಟೈರಲ್ಲೇ ಕೂತಿರ್ತೈತೆ (ನಮ್ಮೂರ ಹೆಸರು ದೇಶದಲ್ಲೆಲ್ಲಾ ಪಂಚರ್ ಮಾಡ್ತಾ ಓಡಾಡ್ತೈತೆ ನೋಡ್ರಿ). ಹೊಸ ಟ್ಯೂಬ್ ಹಾಕಿದ್ರೂ ಅದೇ ಜಾಗದಲ್ಲಿ ಮತ್ತೆ ಹೋಗ್ತೈತೆ.

ರಾಯಚೂರಿಂದ:
ಲೈಟಿಂದು ನಾ ಹೇಳ್ತೀನ್ರಿ. ಡೈನಮೋಕ್ಕ ಚಾರ್ಜ್ ಬೇಕಾಗಿಲ್ಲ, ಖರೇ, ಆದ್ರ ಸೈಕಲ್ ನಿಂತ್ರ ಲೈಟೂ ಹೋಗ್ತದ, ಮಳ್ಯಾಗ ಜಾರ್ತದ, ಟೈರಿನ ಮಗ್ಗಲು ಸವೀತದ. ನಿಮಗ ಮಿಲ್ಲಿನ್ಯಾಗ ಚಾರ್ಜ್‌ಗೆ ಹಚ್ಚಾಕ ಪ್ಲಗ್ ಸಿಕ್ರ ಚಾರ್ಜಿಂಗ್‌ದ ತಗೋರಿ. ಮುಂದ ಬಿಳಿದು, ಹಿಂದ ಕೆಂಪು, ಮುಂದಿಂದು ಬ್ಲಿಂಕ್ ಮಾಡಬ್ಯಾಡ್ರಿ, ಕತ್ತಲದಾಗ ತಗ್ಗು ಕಾಣಂಗಿಲ್ಲ. ಕಟ್ಟೋದು ಹೆಂಗಂದ್ರ, ರಾತ್ರಿ ಗ್ವಾಡಿಯಿಂದ 5 ಮೀಟರ್ ದೂರ ಸೈಕಲ್ ನಿಲ್ಸಿ ಲೈಟ್ ಹಚ್ರಿ, ಬೆಳಕಿನ ನಡುಭಾಗ ಲೈಟಿನ ಎತ್ತರಕ್ಕಿಂತ ಒಂದ್ ಗೇಣು ಕೆಳಗ ಬೀಳ್ಬೇಕು, ಎದುರಿನವ್ರ ಕಣ್ಣಿಗೂ ಹೊಡಿಯಂಗಿಲ್ಲ, ರೋಡೂ ಕಾಣ್ತದ. ಹಿಂದಿಂದು ಸೀಟಿನ ಕೆಳಗ ಕಟ್ಟಬ್ಯಾಡ್ರಿ, ಕ್ಯಾರಿಯರ್‌ನಾಗ ಬುತ್ತಿ ಚೀಲ ಇಟ್ರ ಮುಚ್ಚಿಹೋಗ್ತದ, ಮಡ್‌ಗಾರ್ಡಿಗೆ ಕಟ್ರಿ. ಬ್ಯಾಟರಿ ಮುಗಿದ್ರ ಅಂತ ಕೆಂಪು ರೇಡಿಯಂ ಸ್ಟಿಕ್ಕರ್ ಒಂದ್ ಪಟ್ಟಿ ಹಿಂದಿನ ಮಡ್‌ಗಾರ್ಡಿಗೆ, ಪೈಡಲ್ಲಿಗೂ ಸ್ವಲ್ಪ. ಭತ್ತದ ಸುಗ್ಗ್ಯಾಗ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದ ಲೈಟ ಇರಂಗಿಲ್ಲ, ನಿಮ್ದರ ಇರ್ಲಿ.

ಕೊಪ್ಪಳದಿಂದ:
ಸೀಟಿನ ವಿಷ್ಯದಾಗ ನಂದೊಂದು ಸ್ವಲ್ಪ ಬ್ಯಾರೆ ಐತ್ರಿ. ಹಿಮ್ಮಡಿ ಲೆಕ್ಕ ಸರಿ, ಆದ್ರ ರಾತ್ರಿ ಕೆನಾಲ್ ರೋಡಿನ್ಯಾಗ ಬರಾವ್ರಿಗೆ ನಾಯಿ ಅಡ್ಡ ಬಂದ್ರ ತಟ್ನ ಕಾಲ್ ಊರಾಕ ಬರ್ಬೇಕು. ಆ ಲೆಕ್ಕಕ್ಕಿಂತ ಒಂದ್ ಬೆರಳು ಕೆಳಗ ಇಟ್ಕೋರಿ, ರೂಢಿ ಆದ್ ಮ್ಯಾಲೆ ಏರಸ್ರಿ.

ಗಂಗಾವತಿ ಕಡೆಯಿಂದ:
ಎಲ್ರಿಗೂ ಥ್ಯಾಂಕ್ಸ್ ರೀ. ಪೈಪ್ ಎಣ್ಣಿ ಬಿಟ್ಟಿದ್ಕ ಬಂತು, ಸೀಟ್ ಏರ್ಸಿದೆ, ಮೊಣಕಾಲಿಗೆ ಆರಾಮ ಅನಸ್ತೈತಿ. ಆದ್ರ ಬಲಗಾಲು ಜೋರ್ ತುಳದ್ರ ಪ್ರತಿ ಸುತ್ತಿಗೂ ಕಟ್ ಅಂತೈತಿ, ಅದೇನ್ರಿ?

ಸಿಂಧನೂರಿಂದ:
ಕ್ರ್ಯಾಂಕ್, ಅಂದ್ರ ಪೈಡಲ್ ಹಿಡ್ಕೊಂಡಿರೋ ಕಬ್ಬಣದ ತೋಳು, ಅಲ್ಲಾಡಿಸಿ ನೋಡ್ರಿ. ಅಲ್ಲಾಡಿದ್ರ ಆ ತೋಳನ್ನ ನಡುವಿನ ರಾಡಿಗೆ ಬಿಗಿಯಾಗಿ ಹಿಡಿಯೋ ಕಾಟರ್ ಪಿನ್ ಸವದದ. ಬರೇ ನಟ್ ಬಿಗಿ ಮಾಡಿದ್ರ ನಾಕ್ ದಿನಕ್ಕ ಮತ್ತ ಸಡಲ್ ಆಗ್ತದ, ಅಂಗಡ್ಯಾಗ ಹೊಸ ಪಿನ್ ಬಡಿಸ್ರಿ, ಎಡಗಡೀದೂ ಜೊತಿಗೇ ಹಾಕಿಸಿಬಿಡ್ರಿ. ಅಲ್ಲಾಡಲಿಲ್ಲಂದ್ರ ಪೈಡಲ್ ಬಿಗಿ ಮಾಡಿ ನೋಡ್ರಿ, ಎಡಗಡೆ ಪೈಡಲ್ಲಿನ ಥ್ರೆಡ್ ಉಲ್ಟಾ ಇರ್ತದ, ಮರೀಬ್ಯಾಡ್ರಿ.